ಚಿನ್ನದ ಅದಿರು ಮನೆಯಂಗಳಕ್ಕೆ ಬಂದಾಗ

2010ರ ಮಾರ್ಚ್ ತಿಂಗಳಲ್ಲಿ ನೈಜೀರಿಯಾದ ವಾಯವ್ಯ ಮೂಲೆಯ ಜಂಫಾರಾ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದ ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರು) ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವೈದ್ಯರ ತಂಡಕ್ಕೆ, ಕೆಲವು ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಸಾಯುತ್ತಿದ್ದಾರೆಂಬ ಸುದ್ದಿ ತಲುಪಿತು. ಮೊದಲು ವಾಂತಿ ಮತ್ತು ಹೊಟ್ಟೆನೋವು, ಆಮೇಲೆ ಬಿಡದೆ ಬರುವ ಸೆಳವು, ಅದಾದ ಮೇಲೆ ಪ್ರಜ್ಞೆ ತಪ್ಪುವುದು. ಆ ಪ್ರದೇಶದಲ್ಲಿ ಇಂಥ ಲಕ್ಷಣಗಳನ್ನು ಕಂಡವರಿಗೆ ನೆನಪಾಗುವುದು ಮಿದುಳಿಗೇರಿದ ಮಲೇರಿಯಾ, ಇಲ್ಲವೇ ಮಿದುಳುಪೊರೆಯ ಉರಿಯೂತ. ಆದರೆ ಆ ಕಾಯಿಲೆಗಳ ಔಷಧಕ್ಕೆ ಈ ಮಕ್ಕಳು ಸ್ಪಂದಿಸಲಿಲ್ಲ. ರಕ್ತವನ್ನು ಪ್ರಯೋಗಾಲಯಕ್ಕೆ ಕಳುಹಿಸಿದಾಗ ಸಿಕ್ಕಿದ್ದು ರೋಗಾಣುವಲ್ಲ, ಸೀಸ.

ದರೇಟಾ ಮತ್ತು ಯರ್ಗಾಲ್ಮಾ ಎಂಬ ಎರಡು ಹಳ್ಳಿಗಳಲ್ಲಿ ನಡೆದ ಮನೆಮನೆ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ 463 ಮಕ್ಕಳ ಪೈಕಿ 118 ಮಂದಿ ಹಿಂದಿನ ಒಂದು ವರ್ಷದಲ್ಲಿ ತೀರಿಕೊಂಡಿದ್ದರೆಂದು ತಿಳಿದುಬಂತು. ಅಂದರೆ ನಾಲ್ಕು ಮಕ್ಕಳಲ್ಲಿ ಒಂದು. ಸತ್ತವರಲ್ಲಿ ನೂರಕ್ಕೆ 82ರಷ್ಟು ಮಕ್ಕಳಿಗೆ ಸಾಯುವ ಮುನ್ನ ಸೆಳವು ಬಂದಿತ್ತು. ಬದುಕಿದ್ದವರಲ್ಲಿ ರಕ್ತ ಪರೀಕ್ಷೆಗೊಳಗಾದ ಮಕ್ಕಳ ಪೈಕಿ ನೂರಕ್ಕೆ 97ರಷ್ಟು ಮಂದಿಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿತ್ತು. ಆ ಕಾಲದಲ್ಲಿ 10 ಮೈಕ್ರೋಗ್ರಾಂ ದಾಟಿದರೇ ಆತಂಕಪಡಬೇಕೆಂದು ವೈದ್ಯರು ಹೇಳುತ್ತಿದ್ದರು. 45 ಎಂಬುದು ತಡಮಾಡದೆ ಔಷಧ ಆರಂಭಿಸಬೇಕಾದ ಮಟ್ಟ. ಇಡೀ ಪ್ರಕರಣದಲ್ಲಿ ಕಡಿಮೆಯೆಂದರೂ 400 ಮಕ್ಕಳು ಸತ್ತರು. ಸೀಸ ಬಂದದ್ದು ಚಿನ್ನದ ಅದಿರಿನಿಂದ. ಗಣಿಯೊಳಗೆ ಇಳಿದವರು ದೊಡ್ಡವರು, ಸತ್ತವರು ಮಕ್ಕಳು. ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಲ್ಲಿ ಭಾರಲೋಹಗಳು ಉಂಟುಮಾಡುವ ಹಾನಿಯನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿಯಿಂದಲೇ ಹೊರಡಬೇಕೆಂಬುದು ನನ್ನ ಅಭಿಪ್ರಾಯ. ಯಾವ ಲೋಹ ಎಂಬ ಪ್ರಶ್ನೆಯಷ್ಟೇ, ಆ ಕೆಲಸ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಯೂ ಇಲ್ಲಿ ಸಾವು ಬದುಕನ್ನು ನಿರ್ಧರಿಸುತ್ತದೆ.

ಜಂಫಾರಾದ ನೆಲದಲ್ಲಿ ಚಿನ್ನ ಸೀಸದ ಜೊತೆಯಲ್ಲಿಯೇ ಸಿಗುತ್ತದೆ. ಚಿನ್ನದ ಬೆಲೆ ಏರಿದ ವರ್ಷಗಳಲ್ಲಿ ರೈತರು ಬಿಡುವಿನ ಕಾಲದಲ್ಲಿ ಅದಿರು ಅಗೆದು, ಚೀಲಗಳಲ್ಲಿ ತುಂಬಿ ಊರಿಗೆ ತಂದರು. ಹೆಂಗಸರು ಮನೆಯ ಆವರಣ ಬಿಟ್ಟು ಹೊರಗೆ ದುಡಿಯುವ ರೂಢಿ ಅಲ್ಲಿ ಹೆಚ್ಚಿಲ್ಲದ ಕಾರಣ, ಕಲ್ಲು ಒಡೆಯುವ, ಒಣಗಿಸುವ, ಜಾಲಿಸುವ ಕೆಲಸ ಅಂಗಳದಲ್ಲಿಯೇ ನಡೆಯಿತು. ಧಾನ್ಯ ಬೀಸುವಂಥ ಹಿಟ್ಟಿನ ಗಿರಣಿಗಳಲ್ಲಿ ಅದಿರನ್ನು ಒಣದಾಗಿಯೇ ಬೀಸಿದಾಗ ಎದ್ದ ಸಣ್ಣ ಧೂಳು ಹಾಸಿಗೆ, ಪಾತ್ರೆ, ಕುಡಿಯುವ ನೀರು, ಅಂಬೆಗಾಲಿಡುವ ಮಗುವಿನ ಕೈ, ಹೀಗೆ ಎಲ್ಲದರ ಮೇಲೂ ಕುಳಿತಿತು. ಅಲ್ಲಿನ ಸೀಸದ ಖನಿಜವು ಸಾವಿರಾರು ವರ್ಷ ಗಾಳಿ ನೀರಿಗೆ ಸಿಕ್ಕಿ, ಹೊಟ್ಟೆಯ ಆಮ್ಲದಲ್ಲಿ ಸುಲಭವಾಗಿ ಕರಗುವ ಕಾರ್ಬೊನೇಟ್ ರೂಪಕ್ಕೆ ತಿರುಗಿತ್ತು ಎಂಬುದು ದುರಂತವನ್ನು ಇನ್ನಷ್ಟು ಹೆಚ್ಚಿಸಿತು.

ಸೀಸಕ್ಕೆ ನಮ್ಮ ದೇಹದಲ್ಲಿ ಯಾವ ಕೆಲಸವೂ ಇಲ್ಲ. ಆದರೆ ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ಗುರುತಿಸುತ್ತದೆ. ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ನರಕೋಶಗಳು ಕ್ಯಾಲ್ಸಿಯಂನಿಂದ ನಡೆಸಬೇಕಾದ ಸಂದೇಶ ವಿನಿಮಯದಲ್ಲಿ ಅದು ಅಡ್ಡ ನಿಲ್ಲುತ್ತದೆ, ರಕ್ತಕ್ಕೆ ಕೆಂಪು ಕೊಡುವ ಹೀಮ್ ತಯಾರಾಗದಂತೆ ತಡೆದು ರಕ್ತಹೀನತೆ ತರುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಪುಟ್ಟ ಮಕ್ಕಳು ಹೀರಿಕೊಳ್ಳಬಲ್ಲರು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ಮಗುವಿನ ದೇಹಕ್ಕಂತೂ ಅದು ಮತ್ತಷ್ಟು ಸುಲಭವಾಗಿ ಸೇರುತ್ತದೆ. ಪ್ರಮಾಣ ಹೆಚ್ಚಿದಾಗ ಮಿದುಳು ಊದಿಕೊಂಡು ಸೆಳವು ಬರುತ್ತದೆ. ಸಾಯದೆ ಉಳಿದ ಮಕ್ಕಳಲ್ಲಿ ಕಲಿಕೆ, ಕೇಳುವ ಶಕ್ತಿ, ನಡವಳಿಕೆ ಕುಂದಬಹುದು, ಮತ್ತು ಹೀಗೆ ಕುಂದಿದ್ದು ಪೂರ್ತಿ ಮರಳಿ ಬರುವುದಿಲ್ಲ. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಜಂಫಾರಾದ ವೈದ್ಯರು ಎದುರಿಸಿದ ನಿಜವಾದ ಇಕ್ಕಟ್ಟು ಔಷಧದ್ದಲ್ಲ. ರಕ್ತದಲ್ಲಿನ ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಸಕ್ಸಿಮರ್ ಎಂಬ ಬಾಯಿಯ ಮೂಲಕ ಕೊಡುವ ಔಷಧವಿತ್ತು. ಆದರೆ ಔಷಧ ಕೊಟ್ಟು ಮಗುವನ್ನು ಅದೇ ಅಂಗಳಕ್ಕೆ ಕಳುಹಿಸಿದರೆ, ಬೇಗನೆ ಮತ್ತೆ ಅದೇ ಸ್ಥಿತಿ. ಆದ್ದರಿಂದ ಮೊದಲು ಊರನ್ನು ಶುಚಿಗೊಳಿಸಬೇಕಾಯಿತು: ಸ್ಥಳೀಯ ಕೆಲಸಗಾರರು ಅಂಗಳಗಳ ಮೇಲ್ಮಣ್ಣನ್ನು ಕೆರೆದು ತೆಗೆದು, ದೂರದ ಗುಂಡಿಗಳಲ್ಲಿ ಹೂತು, ಶುದ್ಧ ಮಣ್ಣು ಹರಡಿದರು. ಎಂಟು ಹಳ್ಳಿಗಳಲ್ಲಿ ಈ ಕೆಲಸ ನಡೆಯಿತು. ಅವುಗಳಲ್ಲಿ ದೊಡ್ಡದಾದ ಬಗೆಗಾ ಎಂಬ ಊರಿನ ಸರದಿ ಬಂದದ್ದು ಹಣ ಬಿಡುಗಡೆಯಾದ ಮೇಲೆ, 2013ರಲ್ಲಿ. ಅಲ್ಲಿಯ ಮಕ್ಕಳು ಮೂರು ವರ್ಷ ಚಿಕಿತ್ಸೆಯಿಲ್ಲದೆ ಸೀಸದ ಧೂಳಿನಲ್ಲಿಯೇ ಬೆಳೆದರು, ಏಕೆಂದರೆ ಅಂಗಳ ಶುಚಿಯಾಗದೆ ಚಿಕಿತ್ಸೆ ಆರಂಭಿಸುವುದರಲ್ಲಿ ಅರ್ಥವಿರಲಿಲ್ಲ. ಆ ಮೂರು ವರ್ಷಗಳ ವಿಳಂಬವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಷ್ಟಾದ ಮೇಲೂ 2015ರಲ್ಲಿ ಅದೇ ದೇಶದ ನೈಜರ್ ರಾಜ್ಯದಲ್ಲಿ ಇಂಥದೇ ಅದಿರಿನಿಂದ 28 ಮಕ್ಕಳು ಸತ್ತರು.

ಸೀಸ ಎಲ್ಲ ಕಡೆಯ ಚಿನ್ನದ ಅದಿರಿನಲ್ಲಿ ಇರುವುದಿಲ್ಲ. ಪಾದರಸದ ವಿಷಯ ಬೇರೆ: ಅದು ಅದಿರಿನಲ್ಲಿ ಇಲ್ಲದಿದ್ದರೂ ಗಣಿಗಾರನೇ ಅದನ್ನು ಕೊಂಡುತರುತ್ತಾನೆ. ಏಕೆ ಎಂಬುದನ್ನು ತಿಳಿಯಲು ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಗಾಳಿಸುವುದನ್ನು ನೆನೆದರೆ ಸಾಕು. ನೀರಿನಲ್ಲಿ ಅಕ್ಕಿಯನ್ನು ತೂಗಿ ಆಡಿಸಿದಾಗ ಭಾರವಾದ ಕಲ್ಲು ತಳದಲ್ಲಿ ನಿಲ್ಲುವಂತೆ, ಮರಳಿನೊಡನೆ ತೊಳೆದಾಗ ಭಾರವಾದ ಚಿನ್ನ ತಳದಲ್ಲಿ ನಿಲ್ಲುತ್ತದೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೊನ್ನಿನ ಕಣ ಆಯುತ್ತಿದ್ದ ಜಲಗಾರರ ಕಸುಬಿಗೆ ಆಧಾರವೂ ಇದೇ ತತ್ವ. ಆದರೆ ಚಿನ್ನ ಹಿಟ್ಟಿನಷ್ಟು ಸಣ್ಣದಾಗಿದ್ದರೆ ನೀರಿನೊಡನೆ ಕೊಚ್ಚಿಹೋಗುತ್ತದೆ. ಅಲ್ಲಿ ಪಾದರಸ ನೆರವಿಗೆ ಬರುತ್ತದೆ. ಕೆಸರಿಗೆ ಸುರಿದ ಪಾದರಸ ಚಿನ್ನದ ಕಣಗಳನ್ನು ತನ್ನೊಳಗೆ ಸೇರಿಸಿಕೊಂಡು ಬೆಳ್ಳಿಬಣ್ಣದ ಮುದ್ದೆಯಾಗುತ್ತದೆ. ಬಟ್ಟೆಯಲ್ಲಿ ಹಾಕಿ ಹಿಂಡಿ ಹೆಚ್ಚಿನ ಪಾದರಸವನ್ನು ತೆಗೆದ ಮೇಲೆ ಉಳಿಯುವ ಗಟ್ಟಿ ಉಂಡೆಯಲ್ಲಿ ಸುಮಾರು ಅರ್ಧ ಚಿನ್ನ, ಇನ್ನರ್ಧ ಪಾದರಸ. ಅದನ್ನು ಬಾಣಲೆಯಲ್ಲೋ ಗುದ್ದಲಿಯ ಅಲಗಿನ ಮೇಲೋ ಇಟ್ಟು ಬೆಂಕಿಗೆ ಹಿಡಿದರೆ, 357 ಡಿಗ್ರಿ ಸೆಲ್ಸಿಯಸ್ ಹತ್ತಿರದಲ್ಲಿ ಕುದಿಯುವ ಪಾದರಸ ಆವಿಯಾಗಿ ಹೋಗಿ, ರಂಧ್ರಗಳಿಂದ ತುಂಬಿದ ಚಿನ್ನದ ಗಟ್ಟಿ ಉಳಿಯುತ್ತದೆ. ಅಗ್ಗ, ಸುಲಭ, ಒಬ್ಬನೇ ಮಾಡಬಹುದಾದ ಕೆಲಸ, ಸಂಜೆಗೆ ಕೈಗೆ ಹಣ. ಪಾದರಸ ಇಷ್ಟು ಬೇರೂರಲು ಕಾರಣ ಗಣಿಗಾರರ ಅಜ್ಞಾನವಲ್ಲ, ಈ ಅನುಕೂಲ.

ಈ ಬಗೆಯ ಗಣಿಗಾರಿಕೆ 70ಕ್ಕೂ ಹೆಚ್ಚು ದೇಶಗಳಲ್ಲಿದೆ. ಒಂದೂವರೆ ಕೋಟಿಯಷ್ಟು ಜನ ಇದನ್ನೇ ನಂಬಿದ್ದು, ಅವರಲ್ಲಿ 40ರಿಂದ 50 ಲಕ್ಷ ಮಂದಿ ಹೆಂಗಸರು ಮತ್ತು ಮಕ್ಕಳು ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜು. 2015ರಲ್ಲಿ ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರಿದ ಸುಮಾರು 2,220 ಟನ್ ಪಾದರಸದಲ್ಲಿ 838 ಟನ್ ಈ ಒಂದೇ ಮೂಲದ್ದು. ಕಲ್ಲಿದ್ದಲು ಸುಡುವುದರಿಂದ ಹೊರಬೀಳುವ ಪ್ರಮಾಣವೂ ಇದಕ್ಕಿಂತ ಕಡಿಮೆ.

ಚುರುಕಾದ ಮಗುವನ್ನು ಪಾದರಸವೆಂದು ಹೊಗಳುವಾಗ ನಮ್ಮ ಕಣ್ಣಮುಂದಿರುವುದು ಅದರ ಹೊಳೆಯುವ, ಹರಿದೋಡುವ ದ್ರವರೂಪ. ಅಪಾಯ ಹೆಚ್ಚಾಗಿ ಇರುವುದು ಕಣ್ಣಿಗೆ ಕಾಣದ, ವಾಸನೆಯಿಲ್ಲದ ಆವಿಯಲ್ಲಿ. ದ್ರವ ಪಾದರಸವನ್ನು ಆಕಸ್ಮಿಕವಾಗಿ ನುಂಗಿದರೆ ಕರುಳು ಹೀರಿಕೊಳ್ಳುವುದು ತೀರಾ ಅತ್ಯಲ್ಪ. ಆದರೆ ಉಸಿರಿನಲ್ಲಿ ಹೋದ ಆವಿಯ ಸುಮಾರು ನೂರಕ್ಕೆ 80 ಭಾಗ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ವಿದ್ಯುದಂಶವಿಲ್ಲದ ಈ ಪರಮಾಣುಗಳು ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ಮಿದುಳಿನ ಕಾವಲು ಪೊರೆಯನ್ನೂ ಗರ್ಭದ ಮಾಸುವನ್ನೂ ದಾಟುತ್ತವೆ. ಜೀವಕೋಶದೊಳಗೆ ಹೋದ ಮೇಲೆ ಅಲ್ಲಿನ ಕಿಣ್ವವೊಂದು ಅವುಗಳನ್ನು ಉತ್ಕರ್ಷಿಸಿ ವಿದ್ಯುದಂಶವುಳ್ಳ ಅಯಾನುಗಳನ್ನಾಗಿ ಮಾಡುತ್ತದೆ. ಆ ರೂಪದಲ್ಲಿ ಅವು ಬಂದ ದಾರಿಯಲ್ಲಿ ಹಿಂತಿರುಗಲಾರವು. ಪ್ರೊಟೀನುಗಳಲ್ಲಿನ ಗಂಧಕದ ಗುಂಪುಗಳಿಗೆ ಬಿಗಿಯಾಗಿ ಅಂಟಿಕೊಂಡು ಅವುಗಳ ಕೆಲಸವನ್ನೇ ಕೆಡಿಸುತ್ತವೆ.

ಮುಚ್ಚಿದ ಕೋಣೆಯಲ್ಲಿ ಉಂಡೆ ಸುಟ್ಟವನಿಗೆ ಕೆಲವೇ ಗಂಟೆಗಳಲ್ಲಿ ಜ್ವರ, ಕೆಮ್ಮು, ಎದೆ ಬಿಗಿತ ಬಂದು ನ್ಯುಮೋನಿಯಾ ಎಂದೇ ತೋರಬಹುದು. ಇದರಿಂದ ಸಾವೂ ಸಂಭವಿಸಬಹುದು. ಸಾಮಾನ್ಯವಾಗಿ ಮಾತ್ರ ಕಾಯಿಲೆ ಮೆಲ್ಲಗೆ ಕೂಡಿಬರುತ್ತದೆ. ಬೆರಳುಗಳಲ್ಲಿ, ಕಣ್ಣುರೆಪ್ಪೆಯಲ್ಲಿ, ತುಟಿಯಲ್ಲಿ ಸಣ್ಣ ನಡುಕ. ಲೋಟ ಹಿಡಿದ ಕೈ ಅಲುಗುವುದು, ಅಕ್ಷರ ಕೆಡುವುದು. ವಸಡು ಊದಿ ಜೊಲ್ಲು ಹೆಚ್ಚುತ್ತದೆ, ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ, ನಿದ್ರೆ ದೂರವಾಗುತ್ತದೆ. ಮೂತ್ರಪಿಂಡದ ಸೋಸುವ ಪೊರೆ ಹಾಳಾಗಿ ಮೂತ್ರದಲ್ಲಿ ಪ್ರೊಟೀನು ಹೋಗತೊಡಗುತ್ತದೆ. ಇವೆಲ್ಲಕ್ಕಿಂತ ಮನೆಯವರನ್ನು ಕಂಗೆಡಿಸುವುದು ಸ್ವಭಾವದ ಬದಲಾವಣೆ: ಸಮಾಧಾನದ ಮನುಷ್ಯ ಸಿಡುಕನಾಗುತ್ತಾನೆ, ನಾಲ್ಕು ಜನರ ಎದುರು ನಿಲ್ಲಲು ಹೆದರುತ್ತಾನೆ, ಹೇಳಿದ್ದು ಮರೆಯುತ್ತಾನೆ. ಇದನ್ನು ಕುಡಿತದ ಫಲವೆಂದೋ ಮನೋರೋಗವೆಂದೋ ಭಾವಿಸಿ, ಅದೇ ಅಡುಗೆಮನೆಯಲ್ಲಿ ಸಂಜೆ ಮತ್ತೆ ಒಲೆ ಹಚ್ಚುವ ಸಂಸಾರಗಳಿವೆ. ಗೋಡೆ, ಬಟ್ಟೆ, ಕೂದಲ ಮೇಲೆ ತಣಿದು ಕೂತ ಪಾದರಸ ದಿನವಿಡೀ ಮತ್ತೆ ಮತ್ತೆ ಆವಿಯಾಗುತ್ತಲೇ ಇರುತ್ತದೆ. ಆದ್ದರಿಂದ ಗಣಿಗೆ ಎಂದೂ ಹೋಗದ, ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಿಯೂ ಅವಳ ಕೂಸೂ ಇದಕ್ಕೆ ಒಡ್ಡಿಕೊಳ್ಳುತ್ತಾರೆ. ಹಾಗೆಯೇ, ಸುಟ್ಟ ಗಟ್ಟಿಯಲ್ಲಿ ಇನ್ನೂ ಸ್ವಲ್ಪ ಪಾದರಸ ಉಳಿದಿರುವುದರಿಂದ, ಅದನ್ನು ಕೊಂಡು ಮೂಸೆಯಲ್ಲಿ ಕರಗಿಸುವ ಪೇಟೆಯ ಚಿನ್ನದಂಗಡಿಯವನು ಮತ್ತು ಅವನ ನೆರೆಹೊರೆ ಕೂಡ ಸುರಕ್ಷಿತವಲ್ಲ.

ಗಾಳಿಗೂ ಕೆಸರಿಗೂ ಹೋದ ಪಾದರಸದ ಮುಂದಿನ ಪಯಣ ನದಿಯಲ್ಲಿ. ತಳದ ಹೂಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಎಂಬ ವಿಷಕಾರಿ ಸಂಯುಕ್ತವಾಗಿ ಪರಿವರ್ತಿಸುತ್ತವೆ. ಸಣ್ಣ ಜೀವಿಯನ್ನು ತಿಂದ ಮೀನು, ಆ ಮೀನನ್ನು ತಿಂದ ದೊಡ್ಡ ಮೀನು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಂದ್ರತೆ ಏರುತ್ತದೆ. ಈ ರೂಪವನ್ನು ಮಾತ್ರ ಕರುಳು ಬಹುಪಾಲು ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಗುರುತಿಸಲಾದ ರೋಗ ಕಾರ್ಖಾನೆಯೊಂದರ ತ್ಯಾಜ್ಯದಲ್ಲಿದ್ದ ಮೀಥೈಲ್ ಪಾದರಸದಿಂದ ಬಂದದ್ದಾದರೂ, ತಾಯಿಯಲ್ಲಿ ಹೆಚ್ಚೇನೂ ಲಕ್ಷಣ ಕಾಣದಿದ್ದಾಗಲೂ ಹೊಟ್ಟೆಯಲ್ಲಿನ ಮಗುವಿನ ಮಿದುಳು ತೀವ್ರವಾಗಿ ಹಾನಿಗೊಳ್ಳಬಹುದೆಂಬ ಪಾಠವನ್ನು ಜಗತ್ತು ಕಲಿತದ್ದು ಅಲ್ಲಿಯೇ. ಪೆರು ದೇಶದ ಮಾದ್ರೆ ದೆ ದಿಯೋಸ್ ಪ್ರಾಂತ್ಯದಲ್ಲಿ ಚಿನ್ನ ತೆಗೆಯುವವರ ಪಾದರಸ ನದಿಯ ಮೀನಿಗೂ, ಮೀನು ತಿನ್ನುವ ಮೂಲನಿವಾಸಿಗಳ ಮೈಗೂ ಸೇರಿದ ಕಾರಣಕ್ಕೆ 2016ರಲ್ಲಿ ಅಲ್ಲಿನ ಸರ್ಕಾರ ತುರ್ತುಸ್ಥಿತಿ ಘೋಷಿಸಬೇಕಾಯಿತು.

ಮೂರನೆಯದು ಆರ್ಸೆನಿಕ್, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಅರೆಲೋಹವಾದರೂ ವೈದ್ಯರು ಇದೇ ಸಾಲಿನಲ್ಲಿ ಇಡುತ್ತಾರೆ. ಚಿನ್ನವಿರುವ ಬಂಡೆಗಳಲ್ಲಿ ಆರ್ಸೆನಿಕ್, ಕಬ್ಬಿಣ, ಗಂಧಕ ಸೇರಿದ ಖನಿಜ ಸಾಮಾನ್ಯ. ಬಂಡೆಯನ್ನು ಒಡೆದು ಪುಡಿಯಾಗಿ ಹೊರಗೆ ಸುರಿದಾಗ, ಗಾಳಿ ಮಳೆಗೆ ಸಿಕ್ಕ ಆರ್ಸೆನಿಕ್ ನೀರಿಗಿಳಿಯುತ್ತದೆ. ಇದು ಕನ್ನಡಿಗರಿಗೆ ದೂರದ ಸಂಗತಿಯಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಕಡೆ, ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿರುವ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ಬೆರೆತ ಕೊಳವೆಬಾವಿಯ ನೀರು ಕುಡಿದು ಚರ್ಮರೋಗಕ್ಕೂ ಕ್ಯಾನ್ಸರಿಗೂ ತುತ್ತಾದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾಗಿ ಗಡಸಾಗುವ ಚರ್ಮ, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಾಣುವ ಕಪ್ಪು ಬಿಳಿ ಚುಕ್ಕೆಗಳು ಇದರ ಗುರುತು. ವರ್ಷಗಳ ನಂತರ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸುರಪುರದ ಕಡೆಯದು ಕಂಪನಿ ನಡೆಸಿದ ಗಣಿಯೇ ಹೊರತು ಸಣ್ಣ ಗಣಿಗಾರರದಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರದ ಗಣಿಯೂ, ಇಂದಿಗೂ ಕೆಜಿಎಫ್ ಊರಿನ ನಡುವೆ ನಿಂತಿರುವ ಅದರ ಸೈನೈಡ್ ದಿಬ್ಬಗಳೂ, ಅಂದರೆ ಸೈನೈಡ್‌ನಿಂದ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳೂ ಹಾಗೆಯೇ. ಆದರೂ ಗಣಿ ನಿಂತ ಮೇಲೂ ಅದಿರಿನ ಪುಡಿ ಊರನ್ನು ಬಿಡುವುದಿಲ್ಲ ಎಂಬುದಕ್ಕೆ ನಮ್ಮ ನಾಡಿನ ಈ ಎರಡೂ ಜಾಗಗಳು ಸಾಕ್ಷಿ.

ಕ್ಯಾಡ್ಮಿಯಂ, ಮ್ಯಾಂಗನೀಸ್ ಮುಂತಾದವು ಕೆಲವು ಅದಿರುಗಳಲ್ಲಿರುತ್ತವೆ. ಅವುಗಳ ಪಾತ್ರ ಊರಿನಿಂದ ಊರಿಗೆ ಬದಲಾಗುತ್ತದೆ. ಲೋಹವಲ್ಲದಿದ್ದರೂ ಮರೆಯಬಾರದ್ದು ಬೆಣಚುಕಲ್ಲಿನ ಧೂಳು. ಅದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತಂದು, ಕ್ಷಯರೋಗಕ್ಕೆ ದಾರಿ ಮಾಡಿಕೊಡುತ್ತದೆ. ಒಬ್ಬನೇ ಗಣಿಗಾರನ ಮೈಯಲ್ಲಿ ಇವುಗಳಲ್ಲಿ ಹಲವು ಒಟ್ಟಿಗೆ ಇರಬಹುದು.

ಇಂಥವರನ್ನು ನೋಡುವ ವೈದ್ಯರು ಸರಿಯಾದ ಮಾದರಿಯನ್ನು ಕೇಳುವುದು ಬಹಳ ಮುಖ್ಯ. ಪಾದರಸದ ಆವಿ ಉಸಿರಾಡಿದವನ ಸ್ಥಿತಿಯನ್ನು ತಿಳಿಸುವುದು ಮೂತ್ರ. ಮೀನಿನಿಂದ ಬಂದ ಮೀಥೈಲ್ ಪಾದರಸವನ್ನು ತೋರಿಸುವುದು ರಕ್ತ ಮತ್ತು ತಲೆಗೂದಲು. ಒಂದರ ಬದಲು ಇನ್ನೊಂದನ್ನು ಪರೀಕ್ಷಿಸಿದರೆ ಕಾಯಿಲೆಯವನಿಗೆ ಎಲ್ಲ ಸರಿಯಿದೆ ಎಂಬ ವರದಿ ಸಿಗಬಹುದು. ಸೀಸಕ್ಕೆ ರಕ್ತನಾಳದಿಂದ ತೆಗೆದ ರಕ್ತವೇ ಒಳ್ಳೆಯದು, ಏಕೆಂದರೆ ಬೆರಳು ಚುಚ್ಚಿ ತೆಗೆದ ಹನಿಗೆ ಬೆರಳಿನ ಮೇಲಿನ ಧೂಳಿನ ಸೀಸವೂ ಬೆರೆಯುತ್ತದೆ. ಆರ್ಸೆನಿಕ್‌ಗಾಗಿ ಮೂತ್ರ ಕೊಡುವ ಮುನ್ನ ಕೆಲವು ದಿನ ಸಮುದ್ರದ ಮೀನು ಸಿಗಡಿ ತಿನ್ನಬಾರದು. ಇನ್ನು ಔಷಧದ ಬಗ್ಗೆ ಹೇಳುವುದಾದರೆ, ಪಾದರಸವನ್ನು ಮೂತ್ರದಲ್ಲಿ ಹೊರಹಾಕಿಸುವ ಔಷಧಗಳಿವೆಯಾದರೂ, ಈಗಾಗಲೇ ಕೆಟ್ಟ ನರಗಳನ್ನು ಅವು ಸರಿಪಡಿಸುತ್ತವೆ ಎನ್ನಲು ಆಧಾರವಿಲ್ಲ. ತಡೆಯುವುದೇ ಮುಖ್ಯವಾಗುವುದು ಇದರಿಂದ.

ತಡೆಯುವ ದಾರಿಗಳು ದುಬಾರಿಯಲ್ಲ. ಅದಿರನ್ನು ಒಣದಾಗಿ ಬೀಸುವ ಬದಲು ನೀರು ಹಾಕಿ ಬೀಸಿದರೆ ಧೂಳು ಏಳುವುದಿಲ್ಲ. ಗಿರಣಿಯನ್ನು ಮನೆಗಳಿಂದ, ಬಾವಿಯಿಂದ ದೂರಕ್ಕೆ ಒಯ್ದು, ಕೆಲಸದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು, ಮೈ ತೊಳೆದು ಮನೆಗೆ ಬರುವಂತಾದರೆ ಮಕ್ಕಳ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಪಾದರಸದ ಉಂಡೆಯನ್ನು ಬಯಲಲ್ಲಿ ಸುಡುವ ಬದಲು ರಿಟಾರ್ಟ್ ಬಳಸಬಹುದು. ಭಟ್ಟಿ ಇಳಿಸುವ ಪಾತ್ರೆಯಂತೆ, ಮುಚ್ಚಿದ ಬಟ್ಟಲಿನಿಂದ ಹೊರಟ ಆವಿ ಕೊಳವೆಯಲ್ಲಿ ತಣಿದು ಮತ್ತೆ ದ್ರವವಾಗಿ ಸಿಗುತ್ತದೆ, ನೂರಕ್ಕೆ 90ಕ್ಕೂ ಹೆಚ್ಚು ಪಾದರಸ ಉಳಿಯುತ್ತದೆ. ಆದರೆ ಸಮಯ ಹೆಚ್ಚು ಹಿಡಿಯುತ್ತದೆ, ಒಳಗಿರುವ ಚಿನ್ನ ಕಣ್ಣಿಗೆ ಕಾಣುವುದಿಲ್ಲ, ಪಾಲುದಾರರ ನಡುವೆ ಅನುಮಾನ ಹುಟ್ಟುತ್ತದೆ. ಆದ್ದರಿಂದ ಹಂಚಿದ ರಿಟಾರ್ಟ್‌ಗಳು ಮೂಲೆ ಸೇರಿದ್ದೂ ಉಂಟು. ಫಿಲಿಪ್ಪೀನ್ಸ್‌ನ ಬೆಂಗೆಟ್ ಪ್ರಾಂತ್ಯದ ಗಣಿಗಾರರು ಪಾದರಸವನ್ನೇ ಬಿಟ್ಟು, ಚೆನ್ನಾಗಿ ತೊಳೆದು ಸಾಂದ್ರಗೊಳಿಸಿದ ಪುಡಿಯನ್ನು ಬಿಳಿಗಾರದೊಡನೆ, ಅಂದರೆ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬೋರಾಕ್ಸ್‌ನೊಡನೆ ಕರಗಿಸುತ್ತಾರೆ. ಬಿಳಿಗಾರ ಇತರ ಖನಿಜಗಳು ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ. ಅವು ಗಾಜಿನಂತೆ ಮೇಲೆ ತೇಲಿ, ಚಿನ್ನ ಮೂಸೆಯ ತಳಕ್ಕೆ ಇಳಿಯುತ್ತದೆ. ಎಲ್ಲ ಬಗೆಯ ಅದಿರಿಗೂ ಇದು ಒಗ್ಗುವುದಿಲ್ಲ, ಆದರೆ ಒಗ್ಗುವ ಕಡೆ ಪಾದರಸದ ಅಗತ್ಯವೇ ಇಲ್ಲ.

2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂದ, 2018ರಲ್ಲಿ ಭಾರತವೂ ಅನುಮೋದಿಸಿದ ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದವು, ಸಣ್ಣ ಗಣಿಗಾರಿಕೆ ಗಣನೀಯವಾಗಿರುವ ದೇಶಗಳು ಕೊನೆಗೊಳಿಸಬೇಕಾದ ಪದ್ಧತಿಗಳನ್ನು ಹೆಸರಿಸಿದೆ. ಅವುಗಳಲ್ಲಿ ಒಂದು, ವಾಸದ ಪ್ರದೇಶದಲ್ಲಿ ಉಂಡೆ ಸುಡುವುದು. ಮತ್ತೊಂದು, ಪಾದರಸ ಉಳಿದ ಕೆಸರಿಗೆ ಸೈನೈಡ್ ಹಾಕುವುದು. ಸೈನೈಡ್ ಪಾದರಸವನ್ನೂ ಕರಗಿಸಿ ನೀರಿನೊಡನೆ ದೂರಕ್ಕೆ ಒಯ್ಯುತ್ತದೆ. ಒಪ್ಪಂದದಲ್ಲಿ ಗಣಿಗಾರಿಕೆಯನ್ನೇ ನಿಷೇಧಿಸಿ ಎಂದಿಲ್ಲ, ಅದು ವಿವೇಕದ ನಡೆ. ಜಂಫಾರಾದಲ್ಲಿ ಗಣಿ ಮುಚ್ಚಿಸಿಬಿಡುತ್ತಾರೆಂಬ ಭಯದಿಂದ ಆರಂಭದಲ್ಲಿ ಎಷ್ಟೋ ಮನೆಯವರು ಮಕ್ಕಳ ಸಾವನ್ನೇ ಹೇಳಲು ಹಿಂಜರಿದರು. ಪೊಲೀಸರಿಗೆ ಹೆದರಿದ ಗಣಿಗಾರ ಬಯಲಿನ ಕೆಲಸವನ್ನು ಒಳಕೋಣೆಗೆ ಸಾಗಿಸುತ್ತಾನೆ, ಒಳಕೋಣೆಯಲ್ಲಿ ಮಕ್ಕಳಿರುತ್ತಾರೆ. ಪರವಾನಗಿ ಕೊಟ್ಟು, ಊರಾಚೆ ಜಾಗ ತೋರಿಸಿ, ನೀರಿನ ವ್ಯವಸ್ಥೆ ಮಾಡುವ ಆಡಳಿತವೇ ಇಲ್ಲಿ ಹೆಚ್ಚು ಜೀವ ಉಳಿಸಬಲ್ಲದು ಎಂದು ನಾನು ನಂಬಿದ್ದೇನೆ.

ಜಂಫಾರಾದಲ್ಲಿ 2010ರಲ್ಲಿ ಮೂರು ನಾಲ್ಕು ವರ್ಷದವರಾಗಿದ್ದು ಬದುಕುಳಿದ ಹೆಣ್ಣುಮಕ್ಕಳು ಈಗ ತಾಯಂದಿರಾಗುವ ವಯಸ್ಸಿಗೆ ಬಂದಿದ್ದಾರೆ. ರಕ್ತದ ಸೀಸ ತಗ್ಗಿದರೂ ಮೂಳೆಗೆ ಸೇರಿದ ಸೀಸ ದಶಕಗಟ್ಟಲೆ ಅಲ್ಲಿಯೇ ಉಳಿದಿರುತ್ತದೆ, ಮತ್ತು ಬಸುರಿಯಾದಾಗ ಕೂಸಿನ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ತಾಯಿಯ ಮೂಳೆಯಿಂದ ತೆಗೆಯುವಾಗ ಸೀಸವೂ ಜೊತೆಗೆ ರಕ್ತಕ್ಕಿಳಿದು ಗರ್ಭವನ್ನು ತಲುಪುತ್ತದೆ. ರಕ್ತದ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದು ಆಹಾರದಲ್ಲಿ ಕ್ಯಾಲ್ಸಿಯಂ ಸಾಲದ ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಹಳ್ಳಿಗಳ ಬಸುರಿಯರ ತಪಾಸಣೆಯಲ್ಲಿ ರಕ್ತದ ಸೀಸದ ಪರೀಕ್ಷೆಯೂ ಸೇರಬೇಕಾಗಿರುವುದು ಈ ಕಾರಣಕ್ಕಾಗಿಯೇ.